ಪ್ಲಗ್ಗಿನ ಮೇಲಿದ್ದ ಕೈ

ಗಂಡನ ಹೊಡೆತಕ್ಕೆ ಸೊಸೆ ಕಾರಿನ ಬಾಗಿಲಿಗೆ ಬಡಿದು ಕೆಳಗೆ ಬಿದ್ದಳು. ತುಟಿ ಒಡೆದು ರಕ್ತ ಸುರಿಯಿತು. ಕಾರಿನ ಹಳೆಯ ಸೀಟಿಗೆ ಬಣ್ಣ ಹಚ್ಚುವಾಗ ನಾಲ್ಕು ಹನಿ ಹೊರಗೆ ಚೆಲ್ಲಿದ್ದೇ ಅವಳ ತಪ್ಪು. "ಕಣ್ಣೇನು ನೆತ್ತಿ ಮೇಲಿದ್ಯಾ?" ಎಂದು ಗಂಡ ಮತ್ತೆ ಕೈ ಎತ್ತಿದ. ಹಳೆ ಕಾರು ರಿಪೇರಿ ಮಾಡುವ ಅವರ ಶೆಡ್ಡಿನ ಮೂಲೆಯಲ್ಲಿ ಹರಿದ ಸೀಟ್ ಕವರು ಹೊಲಿಯುತ್ತಿದ್ದ ಅವನ ತಾಯಿ ಎಂದಿನಂತೆ ತಲೆ ತಗ್ಗಿಸಿದಳು.

ಅವನ ಇನ್ನೊಂದು ಕೈಯಲ್ಲಿ ಪಾಲಿಶ್ ಮೆಷಿನ್ನು ತಿರುಗುತ್ತಲೇ ಇತ್ತು. ಕಬ್ಬಿಣ ಕತ್ತರಿಸುವ ಗ್ರೈಂಡರಿಗೆ ಉಣ್ಣೆಯ ಪ್ಯಾಡ್ ಕೂರಿಸಿ, ಸ್ವಿಚ್ಚು ಆಫ್ ಆಗದಂತೆ ಟೇಪು ಸುತ್ತಿ ಅವನೇ ಮಾಡಿಕೊಂಡ ಮೆಷಿನ್ನು ಅದು. ಹೊಡೆಯಲು ಬಗ್ಗಿದಾಗ ಕೊರಳಿಗೆ ಸುತ್ತಿಕೊಂಡಿದ್ದ ಟವೆಲ್ಲಿನ ತುದಿ ಅದಕ್ಕೆ ಸಿಕ್ಕಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಟವೆಲ್ಲು ಬಿಗಿದು ಮೆಷಿನ್ನು ಗಂಟಲಿಗೇ ಬಂದು ಕೂತಿತು. ಗದ್ದದ ಚರ್ಮ ಸುಲಿಯಿತು. ಅವನು ಉರುಳಿಬಿದ್ದ. "ಅಮ್ಮಾ... ಪ್ಲಗ್ ಕೀಳು!"

ಪ್ಲಗ್ಗು ತಾಯಿಯ ಮೊಣಕೈ ಪಕ್ಕದಲ್ಲೇ ಇತ್ತು. ಅವಳು ಅದನ್ನು ಹಿಡಿದಳು. ಹಿಡಿದವಳು ಕೀಳಲಿಲ್ಲ, ಸೊಸೆಯ ತುಟಿಯನ್ನೇ ನೋಡುತ್ತಾ ಕೂತಳು. ಮಗನ ಕಾಲುಗಳು ನೆಲಕ್ಕೆ ಬಡಿಯುತ್ತಿದ್ದವು. "ಅತ್ತೆ, ಸತ್ತೇ ಹೋಗ್ತಾರೆ!" ಎಂದು ಸೊಸೆ ಕಿರುಚಿದ ಮೇಲೆ ತಾಯಿ ಪ್ಲಗ್ಗು ಕಿತ್ತಳು.

"ಯಾಕಮ್ಮಾ... ಇಷ್ಟು ತಡ ಮಾಡ್ದೆ?" ಮಗ ಕೆಮ್ಮುತ್ತಾ ಕೇಳಿದ.

"ತಡ ಆಯ್ತು ಕಣಪ್ಪಾ. ನೀನು ಇವಳಿಗೆ ಮೊದಲ್ನೇ ಸಲ ಹೊಡೆದಾಗ್ಲೇ ನಾನು ಏಳ್ಬೇಕಿತ್ತು," ಎಂದ ತಾಯಿ ಅವನನ್ನು ದಾಟಿ ಹೋಗಿ, ಸೊಸೆಯನ್ನು ತೋಳು ಹಿಡಿದು ಎಬ್ಬಿಸಿದಳು.