ನೀರಾ ಕಾಯುವುದಿಲ್ಲ

"ಯವ್ವಾ, ಬಿಸಲು ಬಿತ್ತಂದ್ರ ನೀರಾ ಹುಳಿಯಾಗಿ ಸಿಂದಿ ಆಗ್ತದ. ಲಗೂ ಪೂಜಾ ಮುಗಸು!" ಕಲ್ಯಾಣಪ್ಪ ಮೂರನೆಯ ಸಲ ಕೂಗಿದ.

ಎಪ್ಪತ್ನಾಲ್ಕನೆಯ ಇಸವಿಯ ಸಂಕ್ರಾಂತಿ ರಜೆಗೆ ಸೊಲ್ಲಾಪುರದ ಬಟ್ಟೆ ಅಂಗಡಿಗೆ ಬೀಗ ಹಾಕಿ, ತಾಯಿಯನ್ನೂ ಕರೆದುಕೊಂಡು ಮೈಂದರ್ಗಿಯ ಗೆಳೆಯನ ಹೊಲಕ್ಕೆ ಅವನು ಬಂದದ್ದೇ ಕೆಂಡದಲ್ಲಿ ಸುಟ್ಟ ಎಳೆ ಜೋಳದ ಸೀತನಿಗಾಗಿ, ನಸುಕಿನಲ್ಲಿ ಈಚಲ ಮರದಿಂದ ಇಳಿಸಿದ ಸಿಹಿ ನೀರಾಕ್ಕಾಗಿ. ಗಡಿಗೆ ಎದುರಿಗೇ ಇತ್ತು. ಆದರೆ ಲಿಂಗಪೂಜೆ ಆಗದೆ ಗುರುಲಿಂಗಮ್ಮ ತಾನೂ ಹನಿ ನೀರು ಮುಟ್ಟುವವಳಲ್ಲ, ಮಗನಿಗೂ ಮುಟ್ಟಗೊಡುವವಳಲ್ಲ. ವಿಭೂತಿ ಆಯಿತು, ಬಿಲ್ವಪತ್ರಿ ಆಯಿತು, ಮಂತ್ರ ಮಾತ್ರ ಮುಗಿಯಲೊಲ್ಲದು. ಬಿಸಿಲು ಬದು ದಾಟಿ ಬಂದು ಗಡಿಗೆಯ ಮೇಲೆ ಕೂತಿತು. ನೊರೆ ಉಕ್ಕಿತು, ನೀರಾ ಹೆಂಡವಾಯಿತು.

"ಹೋತು, ಎಲ್ಲಾ ಹೋತು!" ಕಲ್ಯಾಣಪ್ಪ ತಲೆಯ ಮೇಲಿನ ಟೋಪಿ ತೆಗೆದು ನೆಲಕ್ಕೆ ಬಡಿದ.

ಗುರುಲಿಂಗಮ್ಮ ಲಿಂಗವನ್ನು ಕಣ್ಣಿಗೊತ್ತಿಕೊಂಡು ನಿಧಾನವಾಗಿ ಎದ್ದು ಬಂದಳು. ಶೇಂಗಾ ಚಟ್ನಿಯ ಜೊತೆ ಒಂದು ಹಿಡಿ ಸೀತನಿ ಮುಕ್ಕಿ, ಗಡಿಗೆಯಿಂದ ತಂಬಿಗೆ ತುಂಬಿಕೊಂಡು ಗಟಗಟ ಕುಡಿದಳು. ಮಗ "ಬ್ಯಾಡ" ಅನ್ನುವಷ್ಟರಲ್ಲಿ ಇನ್ನೊಂದು ತಂಬಿಗೆಯೂ ಖಾಲಿಯಾಗಿತ್ತು. ತುಟಿಯ ನೊರೆಯನ್ನು ಸೆರಗಿನಿಂದ ಒರೆಸಿಕೊಳ್ಳುತ್ತ ಅವಳು ಮಗನನ್ನು ಅಕ್ಕರೆಯಿಂದ ನೋಡಿದಳು.

"ಸಿಟ್ಟ್ಯಾಕೋ ಕಲ್ಯಾಣಿ? ನಾಳಿ ಇನ್ನೊಂದು ತಾಸು ಹೆಚ್ಚಿಗಿ ಪೂಜಾ ಮಾಡ್ತೀನಿ, ತಡಿ."