ಅಕ್ಕನ ಮಂಡಿ

"ಇದಕ್ಕೆ ನಾನು ಸಹಿ ಹಾಕೋದು ಕಷ್ಟ ಕಣಮ್ಮ" ಎಂದು ಕ್ಲಬ್ಬಿನ ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಎದುರಿಗೆ ಕೂತಿದ್ದವರು ಇಬ್ಬರು. ಹೆತ್ತ ತಾಯಿಯೂ ಒಂದು ಗಳಿಗೆ ತಡವರಿಸಬೇಕು, ಅಂಥ ಅವಳಿ. ಕೆಲವೇ ನಿಮಿಷ ಮೊದಲು ಹುಟ್ಟಿದ ತಪ್ಪಿಗೆ ಒಬ್ಬಳು ಅಕ್ಕ, ಇನ್ನೊಬ್ಬಳು ತಂಗಿ. ಇಬ್ಬರೂ ಇದೇ ಕ್ಲಬ್ಬಿನ ಕಿರಿಯರ ಫುಟ್‌ಬಾಲ್ ತಂಡದಲ್ಲಿ ಆಡಿ ಬೆಳೆದವರು. ಈಗ ಮಾತ್ರ ಗುರುತು ಹಿಡಿಯುವುದು ಸುಲಭವಾಗಿತ್ತು. ಅಕ್ಕನ ಬಲಮಂಡಿಗೆ ಬಿಗಿಪಟ್ಟಿ, ತಂಗಿಯ ಕಾಲಿಗೆ ಆಟದ ಶೂ. ತಂಗಿಯನ್ನು ಹಿರಿಯರ ತಂಡಕ್ಕೆ ತೆಗೆದುಕೊಳ್ಳುತ್ತೇನೆಂದು ಕೋಚ್ ಹೇಳಿಯಾಗಿತ್ತು. ಡಾಕ್ಟರ ಒಪ್ಪಿಗೆಯೊಂದು ಬಾಕಿ. ಒಪ್ಪಿಗೆಗೆ ಮೊದಲು ಕೆನ್ನೆಯೊಳಗೆ ಹತ್ತಿಕಡ್ಡಿ ಆಡಿಸಿ ಜೀನ್ ಪರೀಕ್ಷೆಗೆ ಕಳಿಸುವ ಪದ್ಧತಿ ಹೊಸದಾಗಿ ಬಂದಿತ್ತು. ಹುಡುಗಿಯರೆಲ್ಲ ಅದಕ್ಕೆ ಎಂಜಲು ಜಾತಕ ಎಂದು ಹೆಸರಿಟ್ಟು ನಗುತ್ತಿದ್ದರು. ಇವತ್ತು ಈ ಇಬ್ಬರಿಗೆ ನಗು ಬರಲಿಲ್ಲ.

"ಓಟದ ಜೀನ್ ಬಗ್ಗೆ ಮಾತೇ ಇಲ್ಲ, ಚಿಗರೆ ನೀನು" ಎಂದರು ಡಾಕ್ಟರಮ್ಮ. "ಆದ್ರೆ ಮಂಡಿಯ ಲಿಗಮೆಂಟ್ ಅಷ್ಟು ಗಟ್ಟಿ ಇಲ್ದೇ ಇರಬಹುದು ಅಂತ ತೋರಿಸೋ ಒಂದು ವ್ಯತ್ಯಾಸಾನೂ ಇದೆ. ಅದೊಂದೇ ಆಗಿದ್ರೆ ನಾನು ತಲೆ ಕೆಡಿಸ್ಕೊಳ್ತಿರಲಿಲ್ಲ. ಅದನ್ನ ಇಟ್ಕೊಂಡೇ ಎಷ್ಟೋ ಜನ ಏನೂ ಆಗದೆ ಕೊನೇವರೆಗೂ ಆಡಿದ್ದಾರೆ."

"ಮತ್ತೇನು ಮೇಡಂ?" ತಂಗಿಯ ದನಿ ಸಣ್ಣಗಾಗಿತ್ತು.

"ನಿಮ್ಮಕ್ಕ ಇದ್ದಾಳಲ್ಲ. ನಿಮ್ಮಿಬ್ಬರ ಜೀನ್ ಒಂದೇ. ಯಾರೂ ಮುಟ್ಟದೆ, ಓಡ್ತಾ ಓಡ್ತಾ ತಿರುಗಿದ್ದಕ್ಕೇ ಇವಳ ಲಿಗಮೆಂಟ್ ಹರಿದುಹೋಯ್ತು. ಹಾಗಿರುವಾಗ ಇನ್ನೊಬ್ಬಳ ಮಂಡಿಗೆ ನಾನು ಜಾಮೀನು ನಿಲ್ಲೋದು ಹೇಗೆ? ಹಿರಿಯರ ತಂಡದಲ್ಲಿ ಯಾರೂ ಮುಲಾಜು ನೋಡಲ್ಲ."

ಯಾರೂ ಮುಟ್ಟಲಿಲ್ಲ ಎಂದು ಹೇಳಿದ್ದವಳು ಅಕ್ಕನೇ. ಇಬ್ಬರಲ್ಲಿ ಒಬ್ಬಳಿಗೆ ಮಾತ್ರ ಮೇಲೆ ಜಾಗವಿದೆ ಎಂದು ಕೋಚ್ ಹೇಳಿದ ವಾರ ಅದು. ರಜೆಯ ದಿನ ಬೀಗ ಹಾಕಿದ ಮೈದಾನಕ್ಕೆ ಬೇಲಿ ಹಾರಿ ಹೋಗಿ, ಯಾರು ಹೆಚ್ಚು ನೋಡಿಯೇಬಿಡೋಣ ಎಂದು ಇಬ್ಬರೇ ಆಡಿದ್ದರು. ಕೋಚ್ ಇಲ್ಲದಾಗ ಮೈಗೆ ಮೈ ತಾಗಿಸಿ ಆಡಿದವರನ್ನು ಕ್ಲಬ್ಬಿನಿಂದ ತೆಗೆದುಹಾಕುವ ನಿಯಮವಿತ್ತು. ತಂಗಿಯ ಶೂ ಮಂಡಿಗೆ ಬಡಿದದ್ದನ್ನು ಅಕ್ಕ ಅವತ್ತೇ ಹೊಟ್ಟೆಗೆ ಹಾಕಿಕೊಂಡು, ಒಬ್ಬಳೇ ಓಡುವಾಗ ಕಾಲು ತಿರುಚಿತು ಎಂದು ಎಲ್ಲರ ಮುಂದೆ ಹೇಳಿದ್ದಳು. ತಂಗಿ ತುಟಿ ಪಿಟಕ್ಕೆನ್ನದೆ ಪಕ್ಕದಲ್ಲಿ ನಿಂತಿದ್ದಳು.

ಈಗ ತಂಗಿಯೇ ಬಾಯಿಬಿಡಲಿ ಎಂದು ಅಕ್ಕ ಕಾದಳು. ತಂಗಿ ತನ್ನ ಶೂ ಲೇಸನ್ನು ನೋಡುತ್ತಿದ್ದಳು. ಬಿಚ್ಚಿರದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಲು ಶುರುಮಾಡಿದಳು.

"ನಾನು ಸುಳ್ಳು ಹೇಳಿದ್ದೆ ಮೇಡಂ" ಎಂದಳು ಅಕ್ಕ. "ಇವಳ ಕಾಲು ತಾಗಿ ಹರಿದದ್ದು ಅದು."

ಡಾಕ್ಟರಮ್ಮ ಒಬ್ಬಳ ಮುಖ ಬಿಟ್ಟು ಇನ್ನೊಬ್ಬಳ ಮುಖ ನೋಡಿದರು. ಎರಡೂ ಒಂದೇ ಮುಖವಾಗಿದ್ದುದರಿಂದ ಪ್ರಯೋಜನವಾಗಲಿಲ್ಲ. "ಅವತ್ತು ಹೇಳಿದ್ದು ಸುಳ್ಳೋ, ತಂಗೀನ ತಂಡಕ್ಕೆ ಸೇರಿಸೋಕೆ ಈಗ ಹೇಳ್ತಿರೋದು ಸುಳ್ಳೋ?"

ಅಕ್ಕ ಪಟ್ಟಿ ಬಿಚ್ಚಿದಳು. ಮಂಡಿಯ ಹೊರಮಗ್ಗುಲಲ್ಲಿ, ಆಪರೇಷನ್ನಿನ ಗೆರೆಗಿಂತ ದೂರದಲ್ಲಿ, ದುಂಡಗಿನ ಮೂರು ಕಲೆಗಳಿದ್ದವು. "ಬಿದ್ದಾಗ ಕಲ್ಲು ಚುಚ್ಚಿತು ಅಂದಿದ್ದೆ. ಶೂ ಅಡಿಯ ಸ್ಟಡ್ ಗುರುತು ಇದು." ಡಾಕ್ಟರಮ್ಮ ತಂಗಿಯ ಶೂ ಬಿಚ್ಚಿಸಿ, ಅದರ ಅಡಿಯ ದುಂಡು ಗುಬುಟುಗಳನ್ನು ಕಲೆಗಳ ಹತ್ತಿರ ಹಿಡಿದು ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡರು.

"ಹೀಗೆ ಪಕ್ಕದಿಂದ ಒದ್ರೆ ಎಂಥ ಜೀನ್ ಇದ್ರೂ ಹರಿಯುತ್ತೆ. ನಿಮ್ಮ ಮೈಯದೇನೂ ತಪ್ಪಿಲ್ಲ" ಎಂದರು. "ಬೇಕಂತ ಒದ್ದಳಾ?"

"ಇಲ್ಲ ಮೇಡಂ. ಬಾಲ್‌ಗೇ ಕಾಲು ಹಾಕಿದ್ದಳು. ನನ್ನ ಮಂಡಿ ಅಡ್ಡ ಬಂತು."

"ಬೇಲಿ ಹಾರಿದ್ದಕ್ಕೆ ಕೋಚ್ ಬಾಯಿಗೆ ಬಂದ ಹಾಗೆ ಬೈತಾರೆ, ಇಬ್ಬರೂ ಬೈಸ್ಕೊಳ್ಳಿ. ತಂಡದಿಂದ ತೆಗೀಬೇಡಿ ಅಂತ ನಾನು ಹೇಳ್ತೀನಿ" ಎಂದು ಡಾಕ್ಟರಮ್ಮ ಸಹಿ ಹಾಕಿದರು. ತಂಗಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಸಂತೋಷವಾಯಿತು. ಅದಕ್ಕಾಗಿ ಇನ್ನಷ್ಟು ನಾಚಿಕೆಯಾಯಿತು.

ಹೊರಗೆ ಕಾರಿಡಾರಿನಲ್ಲಿ ಯಾರೋ ನೆಲ ಒರೆಸಿ ಹೋಗಿದ್ದರು. ಅಕ್ಕ ಜಾರದ ಹಾಗೆ ಗೋಡೆ ಹಿಡಿದು ನಡೆಯುತ್ತಿದ್ದಳು. ತಂಗಿ ಅವಳ ಚೀಲವನ್ನೂ ತಾನೇ ಹೆಗಲಿಗೆ ಹಾಕಿಕೊಂಡಳು.

"ನಾನೇ ಹೇಳೋಣ ಅಂತಿದ್ದೆ ಅಕ್ಕ. ಅಷ್ಟರಲ್ಲಿ ನೀನೇ ಶುರು ಮಾಡಿದೆ."

"ಹೂಂ."

"ಇಷ್ಟು ದಿನ ಎಷ್ಟು ಸಂಕಟ ಪಟ್ಟಿದ್ದೀನಿ ಗೊತ್ತಾ? ನೀನು ಏನಂದ್ಕೊಂಡಿದ್ದೀಯೋ ಅಂತ. ಬಾಲ್‌ಗೇ ಕಾಲು ಹಾಕಿದ್ದಳು ಅಂತ ನಿನ್ನ ಬಾಯಲ್ಲೇ ಬಂತಲ್ಲ, ಈಗ ಸಮಾಧಾನ ಆಯ್ತು."

ಅಕ್ಕ ನಿಂತು, ಬಗ್ಗಿ, ಮಂಡಿಯ ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿ ಮಾಡಿಕೊಂಡಳು. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಅದು ಡಾಕ್ಟರಿಗೆ ಹೇಳಿದ್ದು ಕಣೇ. ನೀನು ಕಾಲು ಹಾಕೋ ಹೊತ್ತಿಗೆ ಬಾಲು ಗೋಲಿನ ಬಲೆಯೊಳಗೆ ಹೋಗಿಯಾಗಿತ್ತು."