ಸುಮ್ಮನಾದ ಕೂಸು

“ಹೊಟ್ಟಿಗೆ ಕಾದ ಬಳಿಲೆ ಬರಿ ಹಾಕಿದ್ದಕ್ಕ ಗುಣ ಆತು ನೋಡವ್ವ. ಎಷ್ಟು ಚಂದ ನಿದ್ದಿ ಮಾಡಾಕತ್ಯಾನ,” ಎಂದು ದ್ಯಾಮಕ್ಕ ಮೊಮ್ಮಗನನ್ನು ಸೊಸೆ ರೇಣುಕಾಳ ಮಡಿಲಿಗೆ ಹಾಕಿದಳು. ನಿನ್ನೆಯಿಂದ ಕೆಮ್ಮಿ ಕೆಮ್ಮಿ ಅಳುತ್ತಿದ್ದ ಕೂಸು ಈಗ ಸುಮ್ಮನಾಗಿತ್ತು. ಹೊಟ್ಟೆಯ ಮೇಲಿನ ಬರೆಗೆ ಬೆಣ್ಣೆ ಹಚ್ಚಲು ರೇಣುಕಾ ಅಂಗಿ ಎತ್ತಿದಳು. ಒಂದೊಂದು ಉಸಿರಿಗೂ ಪಕ್ಕೆಲುಬಿನ ಕೆಳಗೆ ಚರ್ಮ ಗುಳಿ ಬಿದ್ದು ಒಳಕ್ಕೆ ಹೋಗುತ್ತಿತ್ತು. ತುಟಿ ನೇರಳೆ ಹಣ್ಣು ತಿಂದಂತೆ ಕಪ್ಪಾಗಿತ್ತು.

“ಇದು ನಿದ್ದಿ ಅಲ್ರಿ ಅತ್ತಿ,” ಎಂದಳು. “ಅಳಾಕ ಉಸುರು ಸಾಲವಲ್ದು ಇವ್ನಿಗೆ.”

ಪಕ್ಕದ ಮನೆಯ ರಾಮಾಂಜಿನಿ ಆಟೊ ತೆಗೆದ. ಆಸ್ಪತ್ರೆಯಿದ್ದ ಕೂಡ್ಲಿಗಿ ಇನ್ನೂ ದೂರವಿರುವಾಗಲೇ ಆ ಗುಳಿ ಬೀಳುವುದು ನಿಂತಿತು. “ಈಗ ಆರಾಮಾದ. ಎದಿ ಸೆಳಿಯೋದು ಬಿಟ್ಟಾನ,” ಎಂದು ದ್ಯಾಮಕ್ಕ ಕಣ್ಣು ಮುಚ್ಚಿ ಕೈಮುಗಿದಳು. ರೇಣುಕಾ ಕೂಸಿನ ಮೂಗಿಗೆ ಕೆನ್ನೆ ಹಿಡಿದಳು. ಗಾಳಿಯೇ ತಾಗಲಿಲ್ಲ. ಲಸಿಕೆ ಹಾಕಿಸಿದ ದಿನ ಸಿಸ್ಟರ್ ಗೊಂಬೆಯ ಮೇಲೆ ತೋರಿಸಿದ್ದಂತೆ, ಮೂಗು ಬಾಯಿ ಎರಡನ್ನೂ ತನ್ನ ಬಾಯಿಂದ ಮುಚ್ಚಿ ಮೆಲ್ಲಗೆ ಊದಿದಳು. ಎದೆ ಏರಿತು. ಬಾಯಿ ತೆಗೆದರೆ ಇಳಿಯಿತು, ತಾನಾಗಿ ಮತ್ತೆ ಏರಲಿಲ್ಲ. ಮತ್ತೆ ಊದಿದಳು. ದ್ಯಾಮಕ್ಕ ಕಣ್ಣು ತೆರೆದು ನೋಡಿದಳು. ಮುಗಿದ ಕೈ ಬಿಚ್ಚಿ, “ಜಲ್ದಿ ಹೊಡಿಯೋ,” ಎಂದು ರಾಮಾಂಜಿನಿಯ ಭುಜ ತಟ್ಟಿದಳು.

ಆಸ್ಪತ್ರೆಯ ಬಾಗಿಲಲ್ಲೇ ನರ್ಸ್ ಕೂಸನ್ನು ಎತ್ತಿಕೊಂಡು ಒಳಗೆ ಓಡಿ, ಮುಖಕ್ಕೆ ಮಾಸ್ಕ್ ಹಿಡಿದು ಅದಕ್ಕೆ ಸೇರಿದ ಬಲೂನು ಒತ್ತಿ ಉಸಿರು ತುಂಬತೊಡಗಿದಳು. “ನಾಡಿ ಐತಿ. ಮುಂದಿಂದು ಈಗ ಹೇಳಾಕ ಬರಂಗಿಲ್ಲ,” ಎಂದಳು. ರೇಣುಕಾ ಗೋಡೆಗೆ ಒರಗಿ ಕುಳಿತಳು. ಮಡಿಲು ಬರಿದಾಗಿತ್ತು, ಬಾಯಿ ಮಾತ್ರ ಇನ್ನೂ ಮೆಲ್ಲಗೆ ಊದುತ್ತಲೇ ಇತ್ತು.